ಬಂದ್ರೆ ಸೊಪ್ಪು, ಇಪ್ಪತ್ತೊಂದು ಮಿಲಿಮೀಟರ್

ಜನವರಿ 20, ಸೋಮವಾರ. ಬೆಳಿಗ್ಗೆ 9.40

ಇನ್‌ಕ್ಯುಬೇಟರ್ ಬಾಗಿಲು ತೆಗೆದೆ. ಅದೇ ವಾಸನೆ — ಹುಳಿ ಗಂಜಿ, ಹಳೇ ಸಾಕ್ಸು. ಬೇವಿನ ರಸದ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ 8 ಮಿಲಿಮೀಟರ್. ತುಳಸಿ 7. ಸೀತಾಫಲದ ಎಲೆ ಸೊನ್ನೆ, ಬ್ಯಾಕ್ಟೀರಿಯಾ ಗುಂಡಿಯ ಅಂಚಿನವರೆಗೂ ಹಾಯಾಗಿ ಸಂಸಾರ ಹೂಡಿದೆ. ಚಿಲಮತ್ತೂರು ಗುಡ್ಡದಿಂದ ತಂದ ಬಂದ್ರೆ ಸೊಪ್ಪು — 12.

ಹನ್ನೆರಡು! ಪ್ರಾಜೆಕ್ಟ್ ಶುರುವಾಗಿ ಎರಡು ತಿಂಗಳಲ್ಲಿ ಇದೇ ಮೊದಲು ಎರಡಂಕಿ. ಶಿರೀಷಾ — ನನ್ನ ಲ್ಯಾಬ್ ಪಾರ್ಟ್‌ನರ್, ರೂಮ್‌ಮೇಟ್, ತಲೆನೋವು — ಸ್ಕೇಲ್ ಕಿತ್ತುಕೊಂಡು ತಾನೂ ಅಳೆದು ಅವಳ ತೆಲುಗಿನಲ್ಲಿ ಕೂಗಿದಳು. "ಪನ್ನೆಂಡೇ! ಪರವಾಲೇದೇ!"

ನಮ್ಮ ಗೈಡ್ ರೇಣುಕಾಪ್ರಸಾದ್ ಸರ್ ಕನ್ನಡಕ ಹಣೆಗೇರಿಸಿ ನೋಡಿದರು. "ಹನ್ನೆರಡು ಎಲ್ಲಾರಿಗೂ ಬತ್ತದಮ್ಮ. ಮಾರ್ಚ್‌ನಲ್ಲಿ ಅನಂತಪುರದ ಸೆಮಿನಾರಿಗೆ ಹೋಗ್ಬೇಕು ಅಂದ್ರೆ ಹದಿನೈದು ದಾಟ್ಲಿ." ಆಯಿತು ಸರ್. ದಾಟಿಸುತ್ತೇನೆ. ಹಿಂದೂಪುರದಿಂದ ಎಂ.ಎಸ್ಸಿ. ಹುಡುಗಿಯೊಬ್ಬಳು ಆ ವೇದಿಕೆ ಹತ್ತದಿದ್ದರೆ ನನ್ನ ಹೆಸರು ಸ್ಪಂದನ ಅಲ್ಲ.

ಈ ಡೈರಿ ಕನ್ನಡದಲ್ಲಿ ಬರೆಯುವುದೇ ಶಿರೀಷಾಗೆ ತಿಳಿಯದಿರಲಿ ಎಂದು. ಏನು ಪ್ರಯೋಜನ, ತೆಲುಗು ಅಕ್ಷರದ ಹೋಲಿಕೆ ಹಿಡಿದು ಕೂಡಿಸಿ ಕೂಡಿಸಿ ಓದುತ್ತಾಳೆ. ಆಮೇಲೆ ಅರ್ಥ ನನ್ನನ್ನೇ ಕೇಳುತ್ತಾಳೆ!

ಸಂಜೆ

ಕಲ್ಯಾಣದುರ್ಗಕ್ಕೆ ಫೋನ್ ಮಾಡಿದೆ. ಕರಿಬಸಮ್ಮ, ಅಪ್ಪನ ಅಕ್ಕ, ನನ್ನ ಅತ್ತೆ. ಅವಳದು ಗ್ರಂಧಿಗೆ ಅಂಗಡಿ — ಊದುಬತ್ತಿ, ಕರ್ಪೂರ, ಬೇರು, ನಾರು. ಕುರಿಯವರು ಕಂಬದೂರು ಕಡೆಯಿಂದಲೂ ಹುಡುಕಿಕೊಂಡು ಬರುತ್ತಾರೆ. ಝೋನ್ ಎಂದರೇನು ಎಂದು ಅವಳಿಗೆ ತಿಳಿಸುವುದೇ ಒಂದು ಪ್ರಾಜೆಕ್ಟು.

"ಅತ್ತೆ, ಒಂದು ತಟ್ಟೆ ತುಂಬ ಬೂಷ್ಟು ಬೆಳೆಸ್ತೀವಿ ಅಂತ ಅನ್ಕೋ. ಮಧ್ಯೆ ಗುಂಡಿ ಮಾಡಿ ಎಲೆ ರಸ ಬಿಡ್ತೀವಿ. ರಸಕ್ಕೆ ಶಕ್ತಿ ಇದ್ರೆ ಗುಂಡಿ ಸುತ್ತ ಬೂಷ್ಟು ಬರಲ್ಲ, ಚೊಕ್ಕವಾಗಿ ರೌಂಡ್ ಬೀಳ್ತದೆ. ಆ ರೌಂಡ್ ಅಗಲ ಅಳೆಯೋದು."

"ಬೂಷ್ಟು ಬೆಳೆಸೋಕೆ ಕಾಲೇಜಿಗೆ ಹೋಗ್ಬೇಕೇನೇ?"

"ಬೂಷ್ಟಲ್ಲ, ಕೀವು ಮಾಡೋ ಬ್ಯಾಕ್ಟೀರಿಯಾ. ಹುಣ್ಣಿನಲ್ಲಿ ಇರ್ತದಲ್ಲ, ಅದು. ಬಂದ್ರೆ ಸೊಪ್ಪಿಗೆ ಹನ್ನೆರಡು ಬಂತು."

"ಎಲ್ಲೀದು ಸೊಪ್ಪು? ಚಿಲಮತ್ತೂರದಾ? ರೋಡಿನ ಧೂಳು ತಿಂದ್ಕಂಡು ಬೆಳೆದಿರೋದು ಅದೇನು ಸೊಪ್ಪೇ! ನಮ್ ಬೆಟ್ಟದ್ದು ಕಳಿಸ್ತೀನಿ ತಾಳು. ಕುರಿ ಕಾಲಿನ ಹುಣ್ಣು ಮೂರು ದಿನಕ್ಕೆ ಒಣಗ್ತದೆ ಕಣಮ್ಮಿ."

ಕಳಿಸು ಅತ್ತೆ, ಕಳಿಸು. ನೆರಳಲ್ಲಿ ಒಣಗಿಸು ಎಂದು ಮೂರು ಸಲ ಹೇಳಿದೆ.

ಜನವರಿ 27, ಸೋಮವಾರ

ಡಬ್ಬಿ ಬಂತು. ಬಸ್ಸಿನ ಡ್ರೈವರ್ ಸೀಟಿನ ಹಿಂದೆ ಕೂತು ಬಂದಿದೆ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿಸಿಕೊಂಡು. ಎಲೆ ಕೇಳಿದರೆ ಪುಡಿಯನ್ನೇ ಮಾಡಿ ಕಳಿಸಿದ್ದಾಳೆ! ಒರಳಲ್ಲಿ ಕುಟ್ಟಿ, ಸೀರೆ ಬಟ್ಟೆಯಲ್ಲಿ ಜರಡಿ ಹಿಡಿದು. ನಮ್ಮ ಲ್ಯಾಬ್ ಮಿಕ್ಸಿ ಜನ್ಮದಲ್ಲಿ ಇಷ್ಟು ನುಣ್ಣಗೆ ಮಾಡದು.

ಸರ್: "ಪುಡಿ ಯಾರು ಮಾಡಿದ್ದು?"

"ಅತ್ತೆ ಸರ್. ತುಂಬಾ ಕ್ಲೀನು. ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡೇ ಮದ್ದು ಮುಟ್ಟೋದು."

"ಸರಿ, ನೋಟ್ ಮಾಡು." ಮಾಡಿದೆ.

ಮೆಥನಾಲ್‌ನಲ್ಲಿ ನೆನೆಸಿದ್ದಾಯಿತು. ಬ್ಯಾಕ್ಟೀರಿಯಾ ಬೆಳೆಸುವ ಆಗರ್ ಬೇಯಿಸಲು ಆಟೋಕ್ಲೇವ್ ಮತ್ತೆ ಕೈಕೊಟ್ಟಿದೆ, ಗ್ಯಾಸ್ಕೆಟ್ ಲೀಕು. ಅಟೆಂಡರ್ ಗಂಗುಲಪ್ಪಣ್ಣ ಮನೆಯಿಂದ ಪ್ರೆಷರ್ ಕುಕ್ಕರ್ ತಂದರು. ಎಲೆಅಡಿಕೆ ಒಂದು ದವಡೆಗೆ ಸರಿಸಿ ಗಡಿಯಾರ ನೋಡುತ್ತಾ ಕೂತರು. "ವಿಷಲ್ ಎಣಿಸ್ಬ್ಯಾಡಮ್ಮ, ಟೈಮ್ ನೋಡು. ಮೂವತ್ತು ವರ್ಷದಿಂದ ಇದೇ ಕೆಲಸ. ನನ್ ಅನ್ನನೇ ಸೀದ್ರೂ ಸೀಯ್ತದೆ, ನಿಮ್ ಆಗರ್ ಸೀದಿಲ್ಲ."

ಜನವರಿ 31, ಶುಕ್ರವಾರ. 10.05

ಇಪ್ಪತ್ತೊಂದು!!

ಮತ್ತೆ ಅಳೆದೆ. ಪ್ಲೇಟ್ ತಿರುಗಿಸಿ ಅಳೆದೆ. ಶಿರೀಷಾ ಅಳೆದಳು. ಗಂಗುಲಪ್ಪಣ್ಣನ ಕೈಗೂ ಸ್ಕೇಲ್ ಕೊಟ್ಟೆ. ಇಪ್ಪತ್ತೊಂದೇ. ಗುಂಡಿಯ ಸುತ್ತ ಗಾಜಿನಂತೆ ಸ್ವಚ್ಛ. ಒಂದು ಕಾಲನಿಯೂ ಇಲ್ಲ. ಬರೀ ಮೆಥನಾಲ್ ಹಾಕಿದ ಗುಂಡಿಯ ಸುತ್ತ ಸೊನ್ನೆ, ಅಂದರೆ ಇದು ಸೊಪ್ಪಿನದೇ ಕೆಲಸ.

ನಿಂತುಕೊಂಡೇ ಬರೆಯುತ್ತಿದ್ದೇನೆ. ನೋಡಿ ಅಕ್ಷರ ಹೇಗಿದೆ — ಯಾರಿಗೆ ಹೇಳುತ್ತಿದ್ದೇನೆ? ಓದುವವರು ಯಾರೂ ಇಲ್ಲ. ಇರಲಿ.

ಫೆಬ್ರವರಿ 3, ಸೋಮವಾರ

ಮೂರು ಪ್ಲೇಟ್ ಮತ್ತೆ ಹಾಕಿದ್ದೆವು. 21, 20, 22. ಇನ್ನೇನು ಬೇಕು!

ಫ್ಲೇವನಾಯ್ಡ್, ಅಂದರೆ ಎಲೆಗೆ ಮದ್ದಿನ ಗುಣ ಕೊಡುವ ವಸ್ತು, ಅದರ ಪರೀಕ್ಷೆಯೂ ಆಯಿತು. ಟ್ಯೂಬಿಗೆ ಕ್ಷಾರ ಎರಡು ಹನಿ ಬಿಟ್ಟರೆ ಹಳದಿಯಾಗಬೇಕು. ಚಿಲಮತ್ತೂರಿನದು ಹಾಗೇ ಆಯಿತು. ಕಲ್ಯಾಣದುರ್ಗದ್ದು ಹಳದಿ ದಾಟಿ ಕೆಂಪಿಗೆ ತಿರುಗಿತು! ಅಷ್ಟೊಂದು ಫ್ಲೇವನಾಯ್ಡ್ ಇರಬೇಕು ಎಂದೆ. ಸರ್ ಟ್ಯೂಬನ್ನು ಬೆಳಕಿಗೆ ಹಿಡಿದು "ಇರಬಹುದು" ಎಂದರು. ಸರ್ ಬಾಯಲ್ಲಿ "ಇರಬಹುದು" ಎಂದರೆ ಬೇರೆಯವರು ಸಿಹಿ ಹಂಚಿದಷ್ಟು.

ನನ್ನದೊಂದು ಥಿಯರಿ: ಕಲ್ಯಾಣದುರ್ಗದಲ್ಲಿ ಮಳೆ ಕಡಿಮೆ, ನೆಲ ಕಲ್ಲು, ಬಿಸಿಲು ಜಾಸ್ತಿ. ಗಿಡ ಕಷ್ಟಪಡುತ್ತದೆ. ಕಷ್ಟಪಟ್ಟ ಗಿಡ ಎಲೆಯಲ್ಲಿ ಮದ್ದು ಕೂಡಿಡುತ್ತದೆ. ಚಿಲಮತ್ತೂರು ಹೈವೇ ಪಕ್ಕದ ಗಿಡಕ್ಕೆ ಸುಖ ಜಾಸ್ತಿ, ಅದಕ್ಕೇ ಹನ್ನೆರಡು. ಸರ್ ಟ್ಯೂಬನ್ನು ಸ್ಟ್ಯಾಂಡಿಗೆ ಇಟ್ಟರು. "ಬರಿ. ಇದನ್ನೇ ಅಬ್‌ಸ್ಟ್ರಾಕ್ಟ್ ಮಾಡು."

ಫೆಬ್ರವರಿ 7, ಶುಕ್ರವಾರ

ಅಬ್‌ಸ್ಟ್ರಾಕ್ಟ್, ಅಂದರೆ ಪ್ರಬಂಧದ ಸಾರಾಂಶ, ಸೆಮಿನಾರಿನವರಿಗೆ ಹೋಯಿತು. ನನ್ನ ಹೆಸರು, ಶಿರೀಷಾ ಹೆಸರು, ಸರ್ ಹೆಸರು. ಊರಿಂದೂರಿಗೆ ಎಲೆಯ ಗುಣ ಬದಲಾಗುತ್ತದೆ ಎಂದು ಹೆಡ್ಡಿಂಗ್. ಕೆಳಗೆ ಕೃತಜ್ಞತೆ: ಶ್ರೀಮತಿ ಕರಿಬಸಮ್ಮ, ಕಲ್ಯಾಣದುರ್ಗ.

ಫೋನಲ್ಲಿ ಹೇಳಿದೆ. ಅತ್ತೆ ಅಂಗಡಿಗೆ ಬಂದವರಿಗೆಲ್ಲ ಅದನ್ನು ಕೂಗಿ ಹೇಳಿದಳು. ಆಮೇಲೆ, "ಹೆಸರು ಇಂಗ್ಲೀಷ್‌ನಲ್ಲಿ ಹಾಕವ್ರಾ? ಅಂಗಡಿ ಗೋಡೆಗೆ ಅಂಟಿಸ್ತೀನಿ, ಒಂದು ಜೆರಾಕ್ಸ್ ಕಳಿಸೇ."

ಫೆಬ್ರವರಿ 15, ಶನಿವಾರ. ಕಲ್ಯಾಣದುರ್ಗ, ಅತ್ತೆ ಮನೆ

ಸೆಮಿನಾರಿಗೆ ಮುಂಚೆ ಇನ್ನಷ್ಟು ಸೊಪ್ಪು ಬೇಕಲ್ಲ, ನಾನೇ ಬಂದೆ. ಅಂಗಡಿ ಗೋಡೆಯ ಮೇಲೆ ಜೆರಾಕ್ಸ್ ಆಗಲೇ ಏರಿದೆ. ಅದಕ್ಕೆ ಕುಂಕುಮ ಬೇರೆ ಇಟ್ಟಿದ್ದಾಳೆ!

ಮಧ್ಯಾಹ್ನ ಕಂಬದೂರು ಕಡೆಯ ತಿಪ್ಪಕ್ಕ ಬಂದಳು. ನಲವತ್ತು ಕುರಿ ಅವಳದು. ಎರಡು ಕುರಿಗೆ ಗೊರಸಿನ ಸಂದಿಯಲ್ಲಿ ಹುಣ್ಣು. "ಬಂದ್ರೆ ಸೊಪ್ಪು ನಮ್ ಹಟ್ಟಿ ಸುತ್ತ ಬೇಕಾದಷ್ಟು ಐತೆ ಕಣಮ್ಮ. ನಾನೂ ಅರೆದು ಹಚ್ಚಿ ನೋಡ್ದೆ, ಬೇಗ ವಾಸಿ ಆಗಲಿಲ್ಲ. ಈಯಮ್ಮನ ಕೈಗುಣನೇ ಬ್ಯಾರೆ." ಅತ್ತೆ ಜಂಬದಿಂದ ಪುಡಿ ಡಬ್ಬಿ ತೆಗೆದಳು. ಒಂದು ಹಿಡಿ ಕಾಗದಕ್ಕೆ ಸುರಿದಳು. ಪಕ್ಕದ ಡಬ್ಬಿಯಿಂದ ಒಂದು ಚಿಟಿಕೆ ಅರಿಶಿನ ಅದರ ಮೇಲೆ ಉದುರಿಸಿ, ಬೆರಳಲ್ಲಿ ಕಲಸಿ, ಪೊಟ್ಟಣ ಕಟ್ಟಿದಳು.

ಪೊಟ್ಟಣದ ಮೇಲೆ ಕೈಯಿಟ್ಟು ತಡೆದೆ.

"ಅತ್ತೆ, ಅರಿಶಿನ ಯಾಕೆ ಹಾಕಿದ್ದು?"

"ಇನ್ನೇನು ಮತ್ತೆ, ಮದ್ದಿನ ಸೊಪ್ಪ ಬೋಳಾಗಿ ಹೊಸ್ಲು ದಾಟಿಸ್ತಾರೇನೇ? ನಮ್ಮವ್ವನೂ ಹಿಂಗೇ ಕೊಡ್ತಿದ್ಲು."

"ನಂಗೆ ಕಳಿಸಿದ್ದಕ್ಕೂ ಹಾಕಿದ್ದಾ?"

ಅವಳ ಮುಖ ಅರಳಿತು. "ಹಾಕ್ದೆ ಇರ್ತೀನಾ! ಹಿಡಿ ಹಿಡಿಗೂ ಎಣಿಸಿ ಹಾಕೀವ್ನಿ. ಪರೀಕ್ಷೆ ಅಂದ್ಯಲ್ಲ, ನಮ್ ಸ್ಪಂದೂಗೆ ಒಳ್ಳೇದಾಗ್ಲಿ ಅಂತ."

 ರಾತ್ರಿ ಊಟ ಸೇರಲಿಲ್ಲ. ತಲೆನೋವು ಎಂದೆ.

ಫೆಬ್ರವರಿ 20, ಗುರುವಾರ

ನಾಲ್ಕು ದಿನ ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂದು.

ಇವತ್ತು ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಗಂಗುಲಪ್ಪಣ್ಣನ ಸುಣ್ಣದ ಡಬ್ಬಿ ಕೇಳಿದೆ. "ಎಲೆಅಡಿಕೆ ಶುರು ಮಾಡ್ದಾ ತಾಯಿ?" ಎಂದು ನಕ್ಕು ಕೊಟ್ಟರು. ಫಿಲ್ಟರ್ ಪೇಪರ್ ಮೇಲೆ ಅತ್ತೆಯ ಪುಡಿಯ ಎಕ್ಸ್‌ಟ್ರಾಕ್ಟ್ ಒಂದು ಹನಿ. ಹಸಿರು. ಅದರ ಮೇಲೆ ಸುಣ್ಣ ಸವರಿದೆ. ಕೆಂಪಾಯಿತು.

ಆರತಿ ನೀರು! ಅರಿಶಿನ, ಸುಣ್ಣ, ನೀರು — ಹುಟ್ಟಿದಾಗಿನಿಂದ ಮನೆಯಲ್ಲಿ ನೋಡಿದ್ದೇನೆ. ಆರತಿ ತಟ್ಟೆಗೆ ನಾನೇ ಎಷ್ಟು ಸಲ ಕಲಸಿದ್ದೇನೆ. ಅವತ್ತು ಟ್ಯೂಬು ಕೆಂಪಾದಾಗ ಕಣ್ಣ ಮುಂದೆ ಅದೇ ಇತ್ತು. ಮೈಕ್ರೋಬಯಾಲಜಿ ಓದಿದ ಮಹಾರಾಯಿತಿ ಫ್ಲೇವನಾಯ್ಡ್ ಎಂದಳು! ಬಿಸಿಲು, ಬಂಡೆ, ಕಷ್ಟಪಟ್ಟ ಗಿಡ... ನೆನೆದರೆ ನಾಚಿಕೆಗೆ ಕಿವಿ ಬಿಸಿಯಾಗುತ್ತದೆ.

ಅರಿಶಿನ ಬ್ಯಾಕ್ಟೀರಿಯಾ ಕೊಲ್ಲುವುದು ಎಲ್ಲರಿಗೂ ಗೊತ್ತು, ಅದರಲ್ಲಿ ಹೊಸದೇನಿದೆ. ಇಪ್ಪತ್ತೊಂದೂ ಅರಿಶಿನದ್ದೇ ಆದರೆ ನನ್ನ ಕೈಯಲ್ಲಿ ಉಳಿಯುವುದು ಏನೂ ಇಲ್ಲ. ಸೆಮಿನಾರೂ ಇಲ್ಲ.

ಗೊತ್ತಿರುವುದು ನನಗೊಬ್ಬಳಿಗೆ. ಸುಮ್ಮನಿದ್ದರೆ ಯಾರು ಕೇಳುತ್ತಾರೆ? ಆ ಪೇಪರನ್ನು ಮಡಿಸಿ ಈ ಡೈರಿಯಲ್ಲೇ ಇಟ್ಟಿದ್ದೇನೆ. ಕೆಂಪು ಪಕ್ಕದ ಹಾಳೆಗೂ ಹತ್ತಿದೆ.

ಫೆಬ್ರವರಿ 22, ಶನಿವಾರ

ಹೇಳಿಬಿಟ್ಟೆ!

ಶಿರೀಷಾ ನಿನ್ನೆ ಡೈರಿಯಲ್ಲಿ ಆ ಪೇಪರ್ ನೋಡಿದಳು. "ಅರಿಶಿನ" ಎಂಬಷ್ಟನ್ನು ಕೂಡಿಸಿ ಓದಿದಳು. ಮಿಕ್ಕಿದ್ದು ನನ್ನ ಮುಖದಲ್ಲೇ ಓದಿದಳು. ಬಯ್ಯುತ್ತಾಳೆ ಎಂದುಕೊಂಡೆ. "ನೂವು ಚೆಪ್ತಾವಾ, ನೇನು ಚೆಪ್ಪಾಲಾ?" ನೀನು ಹೇಳುತ್ತೀಯಾ, ನಾನು ಹೇಳಬೇಕಾ — ಅಷ್ಟೇ ಕೇಳಿದ್ದು.

ಬೆಳಿಗ್ಗೆ ಸರ್ ಟೇಬಲ್ ಮೇಲೆ ಪೇಪರ್ ಇಟ್ಟೆ. ಅತ್ತೆ, ಹೊಸ್ತಿಲು, ಚಿಟಿಕೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ.  ಅತ್ತುಬಿಟ್ಟೆ.

ಸರ್ ಕನ್ನಡಕ ತೆಗೆದು ಒರೆಸಿದರು. ತುಂಬಾ ಹೊತ್ತು ಒರೆಸಿದರು.

"ಆರತಿ ನೀರು ನೋಡಿಲ್ವೇನಮ್ಮ ನೀನು?"

"ನೋಡಿದ್ದೀನಿ ಸರ್."

"ನಾನೂ ನೋಡಿದ್ದೀನಿ. ಆ ಟ್ಯೂಬ್ ಅವತ್ತು ನನ್ ಕೈಲೇ ಇತ್ತು." ಎಂದವರೇ ನಗಲು ಶುರು. ಸರ್ ಹೀಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ, ಹೊಟ್ಟೆ ಕುಲುಕುತ್ತಿತ್ತು. ನಗು ನಿಂತ ಮೇಲೆ ಮೊದಲ ಕೆಲಸ, ಸೆಮಿನಾರಿನವರಿಗೆ ಮೇಲ್: ನಮ್ಮ ಸ್ಯಾಂಪಲ್‌ನಲ್ಲಿ ಕಲಬೆರಕೆ ಇದೆ, ಮಾರ್ಚ್ ಹತ್ತರೊಳಗೆ ತಿದ್ದಿ ಕಳಿಸುತ್ತೇವೆ, ಇಲ್ಲವೇ ಹಿಂದಕ್ಕೆ ಪಡೆಯುತ್ತೇವೆ. ಕೆಳಗೆ ಅವರದೇ ಸಹಿ. "ತಪ್ಪು ಮೂವರದು, ಸಹಿ ದೊಡ್ಡವರದು" ಎಂದರು.

ಹೊರಡುವಾಗ ಏನೋ ನೆನಪಾಯಿತು. ತಿಪ್ಪಕ್ಕ! "ಸರ್, ಕುರಿಯವಳೊಬ್ಬಳು ಹೇಳಿದ್ಲು. ಅದೇ ಸೊಪ್ಪು ಅವಳು ಬರೀದೇ ಅರೆದು ಹಚ್ಚಿದ್ರೆ ಬೇಗ ವಾಸಿ ಆಗಲ್ವಂತೆ. ಅತ್ತೆ ಕೊಟ್ರೆ ಮೂರು ದಿನಕ್ಕೆ ಆಗ್ತದಂತೆ. ಅವಳು ಅದನ್ನ ಕೈಗುಣ ಅಂತಾಳೆ."

ಸರ್ ಕುರ್ಚಿಯಿಂದ ಎದ್ದರು. ಎದ್ದೇ ಬಿಟ್ಟರು! ಬೋರ್ಡಿನ ಮೇಲೆ ನಾಲ್ಕು ಸುತ್ತು ಬರೆದರು. ಒಂದು, ಬರೀ ಮೆಥನಾಲ್. ಎರಡು, ಬರೀ ಅರಿಶಿನ. ಮೂರು, ಬರೀ ಸೊಪ್ಪು. ನಾಲ್ಕು, ಎರಡೂ ಸೇರಿಸಿ ಅತ್ತೆಯ ಅಳತೆಯಲ್ಲಿ.

"ಎರಡನೇದು ಒಂದೇ ಇಪ್ಪತ್ತೊಂದು ಬಂದ್ರೆ ನಾವು ಮನೆಗೆ. ಬರದೆ ಹೋದ್ರೆ..." ಮುಗಿಸಲಿಲ್ಲ. ಚಾಕ್‌ಪೀಸ್ ನನ್ನ ಕೈಗೆ ಕೊಟ್ಟು ಕ್ಲಾಸಿಗೆ ಹೋದರು.

ಫೆಬ್ರವರಿ 26, ಬುಧವಾರ. ಶಿವರಾತ್ರಿ, ಕಲ್ಯಾಣದುರ್ಗ

ಅತ್ತೆಗೆ ಹೇಗೆ ಹೇಳುವುದು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಇಳಿದ ಮೇಲೆ ಒಂದೂ ನೆನಪಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೇಳಿಸಿಕೊಂಡಳು. ಎದ್ದು ಹೋಗಿ ಗೋಡೆಯ ಜೆರಾಕ್ಸ್ ಬಿಡಿಸತೊಡಗಿದಳು.

"ನಂದೇ ತಪ್ಪು ಬುಡು. ನಿನ್ ಓದು ಕೆಡಿಸ್ಬುಟ್ಟೆ."

 "ಅಂಟಿಸಿರು ಅತ್ತೆ, ಇನ್ನೂ ಮುಗಿದಿಲ್ಲ" ಎಂದು ಅವಳ ಕೈ ಹಿಡಿದುಕೊಂಡೆ.

ಉಪವಾಸದಲ್ಲೇ ಬೆಟ್ಟ ಹತ್ತಿದಳು, ನನಗಿಂತ ಮುಂದೆ. ಬಂದ್ರೆ ಎಲೆ ಬಿಸಿಲಿಗೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಕಿತ್ತರೆ ಬೆರಳಿಗೆ ಅಂಟಂಟು. ಅವಳು ಗಿಡ ತೋರಿಸುವುದು, ನಾನು ಗ್ಲೌಸ್ ಹಾಕಿಕೊಂಡು ಕೀಳುವುದು. ಅವಳ ಕೈ ಬೆನ್ನ ಹಿಂದೆ. "ಮುಟ್ಟಲ್ಲ ಕಣೇ, ನನ್ ಉಗುರಲ್ಲೂ ಅರಿಶಿನ ಇರ್ತದೆ."

ಮನೆಯಿಂದ ಹೊರಡುವಾಗ ಮತ್ತೆ ತಕರಾರು. ಸೊಪ್ಪು ಬೋಳಾಗಿ ಹೊಸ್ತಿಲು ದಾಟುವುದನ್ನು ಅವಳಿಗೆ ನೋಡಲಾಗುತ್ತಿಲ್ಲ. ಬಾಗಿಲಿಗೆ ಅಡ್ಡ ನಿಂತಳು. ನಾನು ಸೀಲ್ ಮಾಡಿದ ಕವರನ್ನು ಎದೆಗೆ ಅವುಚಿಕೊಂಡೆ. ಇಬ್ಬರೂ ಹಟ. ಕೊನೆಗೆ ಅವಳೇ ಉಪಾಯ ಹುಡುಕಿದಳು. ಒಂದು ಅರಿಶಿನದ ಕೊಂಬು ತಂದು ನನ್ನ ದುಪಟ್ಟಾ ತುದಿಗೆ ಗಂಟು ಹಾಕಿದಳು.

"ಸೊಪ್ಪಿಗೆ ಹಾಕ್ಲಿಲ್ಲ, ನಿಂಗೆ ಕಟ್ಟೀವ್ನಿ. ಇದು ನಡೀತದಾ ನಿಮ್ ಸೈನ್ಸಿಗೆ?"

ನಡೆಯುತ್ತದೆ ಅತ್ತೆ. ಬಸ್ಸಿನಲ್ಲಿ ದುಪಟ್ಟಾ ಒಂದು ಸೀಟಿನಲ್ಲಿ, ಕವರ್ ಇನ್ನೊಂದು ಸೀಟಿನಲ್ಲಿ. ಕಂಡಕ್ಟರ್ ಎರಡು ಸಲ ನೋಡಿದ.

ಮಾರ್ಚ್ 5, ಬುಧವಾರ

ಎಲೆ ಲ್ಯಾಬಿನಲ್ಲೇ ನೆರಳಲ್ಲಿ ಒಣಗಿತು. ಪುಡಿ ನಾನೇ ಮಾಡಿದೆ, ಹೊಸ ಮಿಕ್ಸಿ ಜಾರ್. ಶಿರೀಷಾ ಕಾವಲು. ಸುಣ್ಣದ ಪರೀಕ್ಷೆಗೆ ಈ ಸಲ ಕೆಂಪಿಲ್ಲ, ಬರೀ ಹಸಿರು ಹಳದಿ. ಮೂರು ಬಾಟಲಿ ಮೆಥನಾಲ್‌ನಲ್ಲಿ ನೆನೆಯುತ್ತಿವೆ: ಸೊಪ್ಪು, ಅರಿಶಿನ, ಜೋಡಿ. ಜೋಡಿಯ ಅಳತೆಗೆ ಅತ್ತೆಗೆ ಫೋನ್. ಅವಳ ಹಿಡಿ ಎಷ್ಟು ಗ್ರಾಂ, ಅವಳ ಚಿಟಿಕೆ ಎಷ್ಟು? ಅಂಗಡಿ ತಕ್ಕಡಿಯಲ್ಲಿ ಹತ್ತು ಸಲ ತೂಗಿಸಿದೆ. ಹತ್ತರಲ್ಲಿ ಒಂಬತ್ತು ಸಲ ಒಂದೇ ತೂಕ! ನಮ್ಮ ಲ್ಯಾಬಿನ ಪಿಪೆಟ್ಟಿಗೂ ಈ ನಿಯತ್ತಿಲ್ಲ.

ಮಾರ್ಚ್ 7, ಶುಕ್ರವಾರ. ಸಂಜೆ 4.30

ಪ್ಲೇಟ್ ಹಾಕಿದ್ದಾಯಿತು. ಹನ್ನೆರಡು ಪ್ಲೇಟ್, ಬೋರ್ಡಿನ ನಾಲ್ಕರಲ್ಲಿ ಒಂದೊಂದಕ್ಕೂ ಮೂರು ಮೂರು. ಹೆಸರು ಬರೆದಿಲ್ಲ, ಬರೀ ನಂಬರು. ರಸ ಬಿಟ್ಟದ್ದು ಸರ್, ಯಾವ ನಂಬರು ಯಾವುದು ಎಂಬ ಚೀಟಿ ಅವರ ಜೇಬಿನಲ್ಲಿ. ರಾತ್ರಿ ನಾನೇ ಬಾಗಿಲು ತೆಗೆದು ಇಣುಕಿದರೂ ಯಾವುದು ಯಾವುದೆಂದು ತಿಳಿಯಬಾರದು ಎಂದು ಕೇಳಿ ಹೀಗೆ ಮಾಡಿಸಿಕೊಂಡೆ. ಕರೆಂಟು ಹೋದರೆ ಇರಲಿ ಎಂದು ಗಂಗುಲಪ್ಪಣ್ಣ ಇನ್‌ಕ್ಯುಬೇಟರ್ ಪಕ್ಕ ಕಂಬಳಿ ಇಟ್ಟಿದ್ದಾರೆ. ಹೋಗಬೇಡ ಕರೆಂಟೇ, ನಿನಗೊಂದು ತೆಂಗಿನಕಾಯಿ.

ಮಾರ್ಚ್ 8, ಶನಿವಾರ. ಬೆಳಿಗ್ಗೆ 9.15

ಲ್ಯಾಬ್. ಸ್ಟೂಲ್ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಶಿರೀಷಾ, ಉಗುರು ಕಚ್ಚುತ್ತಾ. ಪ್ಲೇಟ್ ಎಲ್ಲ ಹೊರಗೆ ತೆಗೆದೆವು, ಕಣ್ಣು ಬೇಕೆಂದೇ ಗೋಡೆಯ ಕಡೆ. ಸರ್ ಬಂದು ಚೀಟಿ ಕೊಟ್ಟು, ಆಫೀಸಿಗೆ ಹೋಗಿ ಬತ್ತೀನಿ ಎಂದರು. ಅವರಿಗೂ ಇಲ್ಲಿ ನಿಲ್ಲುವ ಧೈರ್ಯವಿಲ್ಲ!

ಶಿರೀಷಾ ಚೀಟಿ ಓದುತ್ತಾಳೆ, ನಾನು ಅಳೆಯುತ್ತೇನೆ.

4, 7, 11 — ಬರೀ ಮೆಥನಾಲ್. ಸೊನ್ನೆ, ಸೊನ್ನೆ, ಸೊನ್ನೆ. ಸರಿ.

2, 5, 9 — ಬರೀ ಅರಿಶಿನ. ಇದೇ. ಇದೊಂದು ದಾಟಿದರೆ ಸಾಕು. ಸ್ಕೇಲ್ ಜಾರುತ್ತಿದೆ, ಅಂಗೈ ಬೆವರು.

ಒಂಬತ್ತು. ಒಂಬತ್ತು. ಹತ್ತು.

ಇಪ್ಪತ್ತೊಂದಲ್ಲ! ಅಯ್ಯೋ ಶಿವನೇ, ಇಪ್ಪತ್ತೊಂದಲ್ಲ! ಶಿರೀಷಾ ನನ್ನ ಭುಜ ಹಿಡಿದು ಕುಲುಕುತ್ತಿದ್ದಾಳೆ, ಅಕ್ಷರ ಎಲ್ಲೆಲ್ಲೋ ಹೋಗುತ್ತಿದೆ.

1, 8, 10 — ಬರೀ ಸೊಪ್ಪು, ನಾನೇ ಕಿತ್ತದ್ದು. ಹನ್ನೆರಡು, ಹದಿಮೂರು, ಹನ್ನೆರಡು. ಚಿಲಮತ್ತೂರಿನಷ್ಟೇ. ಸತ್ತಿತು ನನ್ನ ಥಿಯರಿ, ಬಿಸಿಲೂ ಇಲ್ಲ, ಬಂಡೆಯೂ ಇಲ್ಲ, ಹೋಗಲಿ ಪೀಡೆ. ಎಲೆ ನಿಜ. ಹನ್ನೆರಡು ನಿಜ.

ಉಳಿದದ್ದು 3, 6, 12. ಜೋಡಿ. ಒಂದು ಹಿಡಿ, ಒಂದು ಚಿಟಿಕೆ. ಅತ್ತೆಗೆ ಫೋನ್ ಹಚ್ಚಿದ್ದೇನೆ, ಸ್ಪೀಕರ್‌ನಲ್ಲಿದ್ದಾಳೆ. "ಏನಾಯ್ತೇ? ಹೇಳೇ! ಗೋಡೆ ಮೇಲಿಂದು ಇರ್ಲಾ, ಕೀಳ್ಲಾ?"

ಮೂರನೇ ನಂಬರನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸ್ಕೇಲೇ ಬೇಡ, ಕಣ್ಣಿಗೇ ಕಾಣುತ್ತಿದೆ. ಅತ್ತೆ, ಇರಲಿ, ಕೀಳಬೇಡ, ಇಪ್ಪತ್ತೊಂದು!